ಗೂಟ ಐತಲ್ಲ

ಎತ್ತಿನ ಹಬ್ಬ ಕಾರಹುಣ್ಣಿಮೆಗೆ ತವರಿಗೆ ಹೋಗಿ ಬಂದು ನಾಲ್ಕು ದಿನವಾಯಿತು. ವಿಜಯಪುರದ ಮನೆಯಲ್ಲಿ ರೊಟ್ಟಿ ಬಡಿಯುವಾಗ, ಬಟ್ಟೆ ಹಿಂಡುವಾಗ, ಅಪ್ಪ ಆಡಿದ ಒಂದೇ ಮಾತು ಕಿವಿಯಲ್ಲಿ ಸುತ್ತುತ್ತಿದೆ.

ಈ ಸಲ ನಮ್ಮ ಮನೆಯಲ್ಲಿ ಎತ್ತಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ತೊರವಿ ಹತ್ತಿರ ದನದ ಜಾತ್ರೆ ಕೂಡುತ್ತದಲ್ಲ, ಅಲ್ಲಿಗೆ ಒಯ್ದು ಅಣ್ಣ ಜೋಡಿಯನ್ನು ಮಾರಿ ಬಂದ. ಕಿಲಾರಿ ಎತ್ತು. 1 ಲಕ್ಷ 30 ಸಾವಿರ ಬಂತು. ಅಣ್ಣನ ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ಮೇವು ದುಬಾರಿ, ಆಳು ಸಿಗುವುದಿಲ್ಲ, ಟ್ರ್ಯಾಕ್ಟರ್ ಹೊಡೆಸಿದರೆ ಅರ್ಧ ದಿನದಲ್ಲಿ ಹೊಲ ಹಸನಾಗುತ್ತದೆ. ಆದರೂ ಅಪ್ಪನಿಗೆ ಒಂದು ಮಾತು ಹೇಳಿ ಒಯ್ಯಬಹುದಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಹಬ್ಬ ಎತ್ತಿಗೆ ಶುರುವಾಗುವುದೇ ಅವತ್ತು. ನಾವು ಸಣ್ಣವರಿದ್ದಾಗ ಅಂದು ಎತ್ತಿಗೆ ಉಗ್ಗಿ ಮಾಡಿ ತಿನ್ನಿಸುತ್ತಿದ್ದರು. ಮಜ್ಜಿಗೆ, ಎಣ್ಣೆ, ಅರಿಶಿನ, ಹಸಿ ತತ್ತಿ ಕಲಸಿ ಬಿದಿರಿನ ಗೊಟ್ಟದಿಂದ ಕುಡಿಸುತ್ತಿದ್ದರು. ಅಡುಗೆ ಮನೆಯ ಹತ್ತಿರವೂ ತತ್ತಿ ಸೇರಿಸದ ಅವ್ವ, ಎತ್ತಿಗೆ ಅಂತ ತಾನೇ ತರಿಸಿಡುತ್ತಿದ್ದಳು. ಮನೆಯವರಿಗೆ ಇಲ್ಲದ್ದು ಅವಕ್ಕೆ ನಡೆಯುತ್ತಿತ್ತು.

ಸಂಜೆ ನಾನು ಮುಟ್ಟಿದಾಗ ಅಪ್ಪ ದನದ ಮನೆಯಲ್ಲಿದ್ದ. ಮೇವು ಹಾಕುವ ಗ್ವಾದಲಿ ತೊಳೆದಿಟ್ಟಿದ್ದ. ಹುರಮಂಜಿನ ಕೆಂಪು ಬಣ್ಣ ಕಲಸಿಕೊಂಡು ಎರಡೂ ಗೂಟಕ್ಕೆ ಬಳಿಯುತ್ತ ಕೂತಿದ್ದ. ಬೆರಳಿನಿಂದ, ನಿಧಾನಕ್ಕೆ, ಬುಡದಿಂದ ತುದಿಗೆ, ಕೋಡಿಗೆ ಬಳಿಯುವ ಹಾಗೆಯೇ. ಗೂಟದ ಕೊರಳಲ್ಲಿ ಹಗ್ಗ ತಿಕ್ಕಿ ತಿಕ್ಕಿ ಒಂದು ಗೆರೆ ಬಿದ್ದಿದೆ. ಎಣ್ಣೆ ಹಚ್ಚಿದಂತೆ ನುಣ್ಣಗಾಗಿದೆ. ಅಲ್ಲಿ ಬಣ್ಣ ನಿಲ್ಲುತ್ತಿರಲಿಲ್ಲ. ಅಪ್ಪ ಅಲ್ಲಿಗೇ ಮತ್ತೆ ಮತ್ತೆ ಬೆರಳು ಒಯ್ಯುತ್ತಿದ್ದ.

ನನಗೆ ತಡೆಯಲಾಗಲಿಲ್ಲ. “ಎಪ್ಪಾ, ಎತ್ತ ಇಲ್ಲಲ್ಲೋ” ಅಂದೆ.

ಅಪ್ಪ ತಿರುಗಲಿಲ್ಲ. “ಎತ್ತಿಲ್ಲಂದ್ರ ಏನಾತ ಯವ್ವಾ? ಗೂಟ ಐತಲ್ಲ.”

ಅಷ್ಟೇ. ಅವ್ವ ಕೋಡಬಳೆ ತಂದು ಕೊಟ್ಟಳು. ಎತ್ತಿನ ಕೋಡಿಗೆ ಹಾಕುವ ಬಳೆ ಅಂತಲೇ ಅದಕ್ಕೆ ಆ ಹೆಸರು ಬಂದಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅಪ್ಪ ಗೂಟಕ್ಕೆ ಎರಡೆರಡು ಏರಿಸಿದ. ನಾನು ಅಡುಗೆ ಮನೆಗೆ ಹೋಗಿ ಸುಮ್ನೆ ನಿಂತೆ.

ರಾತ್ರಿ ತಂಗಿ ವಿಡಿಯೋ ಕಾಲ್ ಮಾಡಿದಳು. ಅವಳು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿದ್ದಾಳೆ. ಗೂಟ ತೋರಿಸಿದೆ. ನೋಡಿದವಳೇ ಅಲ್ಲಿಯ ಪದ್ಧತಿ ಹೇಳಿದಳು. ಆ ಸೀಮೆಯಲ್ಲಿ ದನಗಳು ಬೇಸಿಗೆಯೆಲ್ಲ ಗುಡ್ಡದ ಮೇಲೆ ಮೇಯುತ್ತವಂತೆ. ಸೆಪ್ಟೆಂಬರ್ ಹೊತ್ತಿಗೆ ಕೆಳಗಿಳಿಸುತ್ತಾರೆ. ತಲೆಗೆ ಹೂವಿನ ಕಿರೀಟ, ಕೊರಳಿಗೆ ದೊಡ್ಡ ದೊಡ್ಡ ಗಂಟೆ, ಊರಿಗೆ ಊರೇ ದಾರಿಯಲ್ಲಿ ನಿಂತು ನೋಡುತ್ತದೆ. ಆದರೆ ಆ ವರ್ಷ ಗುಡ್ಡದ ಮೇಲೆ ಒಂದು ದನ ಸತ್ತಿದ್ದರೂ, ಮನೆಯಲ್ಲಿ ಸಾವಾಗಿದ್ದರೂ, ಶೃಂಗಾರ ಮಾಡುವುದಿಲ್ಲ. ಬರಿದಲೆಯಲ್ಲೇ ಮನೆಗೆ ಹೊಡೆದುಕೊಂಡು ಬರುತ್ತಾರೆ.

ಅಪ್ಪ ಎಲ್ಲ ಕೇಳಿದ. “ಅವರಿಗೂ ದನಾ ಅಂದ್ರ ಮನೀ ಮಂದಿನ ಅಂದಂಗಾತು” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ನಮ್ಮೂ ಸತ್ತಿಲ್ಲ. ಮಂದಿ ಮನ್ಯಾಗ ಅದಾವು. ಅಲ್ಲಿ ಯಾರರೆ ಮೈ ತೊಳದಿರ್ತಾರ” ಅಂದ.

ಅಣ್ಣ ಊಟ ಮಾಡುತ್ತಿದ್ದ. ತಾಟಿನಿಂದ ತಲೆ ಎತ್ತಲಿಲ್ಲ. ಕೊಂಡವರು ಇಂಡಿ ಕಡೆಯ ರೈತರು ಅಂತ ಹಿಂದೆ ಅವನೇ ಹೇಳಿದ್ದ. ಮತ್ತೊಮ್ಮೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಸಂಜೆ ಊರ ಬಾಗಿಲಿನ ಅಗಸಿಯಲ್ಲಿ ಕರಿ ಹರಿದರು. ಕರಿ ಅಂದರೆ ಎತ್ತು ಓಡಿಸಿ ಹರಿಸುವ ತೋರಣ. ಬೇವಿನ ಸೊಪ್ಪಿನದು ಕಟ್ಟಿದ್ದರು. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರಿ ಬಿಳಿಜೋಳ ಚಲೋ, ಕೆಂದೆತ್ತು ಹರಿದರೆ ಮುಂಗಾರಿ ಚಲೋ ಅನ್ನುವ ಮಾತಿದೆ. ಮೊದಲೆಲ್ಲ ಎತ್ತಿನ ಸಾಲು ಅಗಸಿಯಿಂದ ಕೆರೆಯತನಕ ಇರುತ್ತಿತ್ತು. ಈ ಸಲ ನಾಲ್ಕೇ ಜೋಡಿ. ಉಳಿದವರು ಟ್ರ್ಯಾಕ್ಟರ್ ತೊಳೆದು ಮಾಲೆ ಹಾಕಿ ತಂದಿದ್ದರು, ನಮ್ಮ ಅಣ್ಣನೂ. ಕೆಂದೆತ್ತು ಹರಿಯಿತು. ಜನ ಚೀರಿದರು. ಅಪ್ಪ ಅಗಸಿ ಕಟ್ಟೆಯ ಮೇಲೆ ಕೂತು ಎತ್ತುಗಳ ಕಾಲನ್ನಷ್ಟೇ ನೋಡುತ್ತಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ಎತ್ತಿಲ್ಲದೆಯೂ ಎತ್ತಿನ ಹಬ್ಬ ಮಾಡುವುದು ಅಪ್ಪ ಹೊಸದಾಗಿ ಹುಡುಕಿದ್ದೇನೂ ಅಲ್ಲ. ಇನ್ನು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹೊಲ ಇಲ್ಲದವರೂ ಅವತ್ತು ಮಣ್ಣಿನ ಜೋಡಿ ತಂದು ಜಗುಲಿಯ ಮೇಲೆ ಇಡುತ್ತಾರೆ. ನಾಗಪುರದ ಕಡೆ ಎತ್ತಿನ ಹಬ್ಬ ಪೋಳಾದ ಮರುದಿನ ಮಕ್ಕಳದ್ದೇ ತಾನ್ಹಾ ಪೋಳಾ, ಮರದ ಎತ್ತು ಎಳೆದುಕೊಂಡು ಮನೆಮನೆಗೆ ಹೋಗುತ್ತವೆ. ತಮಿಳರು ಪೊಂಗಲ್ ಮರುದಿನವನ್ನೇ ದನಕ್ಕೆ ಬಿಟ್ಟಿದ್ದಾರೆ. ನೇಪಾಳದವರು ತಿಹಾರ್ ಹಬ್ಬದಲ್ಲಿ ಕಾಗೆಗೊಂದು ದಿನ, ನಾಯಿಗೊಂದು ದಿನ ಇಟ್ಟು, ಎತ್ತಿಗೂ ಪೂಜೆ ಮಾಡುತ್ತಾರೆ. ನಮ್ಮ ಜೊತೆ ದುಡಿದದ್ದಕ್ಕೆ ವರ್ಷಕ್ಕೊಂದು ದಿನ ಕೈಮುಗಿಯಬೇಕು ಅಂತ ಇಷ್ಟೊಂದು ಕಡೆ ಜನಕ್ಕೆ ಅನ್ನಿಸಿದೆ. ಯಾರು ಯಾರಿಗೂ ಹೇಳಿಕೊಟ್ಟದ್ದಲ್ಲ, ಅಲ್ವಾ? ಆದರೆ ಎತ್ತು ಮನೆಯಿಂದ ಹೋದ ವರ್ಷ ಏನು ಮಾಡಬೇಕು? ಆಸ್ಟ್ರಿಯಾದವರು ಹೂವು ಮುಡಿಸುವುದಿಲ್ಲ. ಅಪ್ಪ ಗೂಟಕ್ಕೆ ಬಣ್ಣ ಬಳಿದ. ನನಗೆ ಎರಡೂ ಒಂದೇ ಸಂಕಟ ಅನ್ನಿಸಿತು.

ನಿನ್ನೆ ಫೋನ್ ಮಾಡಿದ್ದೆ. ದನದ ಮನೆ ಒಡೆದು ಟ್ರ್ಯಾಕ್ಟರ್ ನಿಲ್ಲಿಸಲು ಶೆಡ್ ಹಾಕಿಸುವ ಮಾತು ನಡೆದಿದೆಯಂತೆ. ಗೂಟ ಏನಾಯಿತು ಅಂತ ಕೇಳಿದೆ.

“ಕೋಡಬಳಿಗೆ ಇರುವಿ ಹತ್ಯಾವು. ತೆಗೀತೀನಂದ್ರ ನಿಮ್ಮಪ್ಪ ಬ್ಯಾಡ ಅಂತಾನ” ಅಂದಳು ಅವ್ವ.