ಓಬವ್ವ ಗಂಡನಿಗೆ ನೀರು ತಂದಳಾ?

"ನಿಮ್ಮ ಮಗಳು ಎಷ್ಟು ಹೊತ್ತಿಗೆ ಮಲಗ್ತಾಳೆ?" ನಾಲ್ಕೂವರೆ ವರ್ಷದ ಮಗು ಇದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ. ಕೇಳುವವರ ಕಣ್ಣಲ್ಲೇ ನಿದ್ದೆ ತೂಗುತ್ತಿರುತ್ತದೆ, ಪಾಪ.

ಈಗ ಒಂಬತ್ತೂಕಾಲಿಗೆ ಮಲಗುತ್ತಾಳೆ. ಮೊದಲು ಹನ್ನೊಂದಾದರೂ ಇಲ್ಲ.

ಚಿತ್ರದುರ್ಗದವರಿಗೆ ಕಥೆಗೇನು ಬರ, ಅಲ್ವಾ? ಒಂದು ರಾತ್ರಿ ಒನಕೆ ಓಬವ್ವನ ಕಥೆ ಹೇಳಿದೆ. ಕಾವಲುಗಾರ ಗಂಡ ಊಟಕ್ಕೆ ಕೂತ. ಓಬವ್ವ ನೀರಿಗೆ ಹೋದಳು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದರು. ನಿದ್ದೆ ಹತ್ತಲಿ ಅಂತ ನಾನು ದನಿ ಇಳಿಸುತ್ತಾ ಬಂದರೆ ಅವಳು ಎದ್ದೇ ಕೂತಳು.

"ಒನಕೆ ನಮ್ಮನೇಲಿ ಯಾಕಿಲ್ಲ?"

"ಮಿಕ್ಸಿ ಇದೆಯಲ್ಲ."

"ಮಿಕ್ಸಿಲಿ ಹೊಡೆಯಕ್ಕೆ ಬರುತ್ತಾ?"

ಪಕ್ಕದ ರೂಮಿಂದ ಅತ್ತೆ, "ಇನ್ನೂ ಮಲಗಿಲ್ವೇನೇ ಅದು?" ಅಂದರು. ಹತ್ತೂಮುಕ್ಕಾಲಿಗೆ ಕೊನೆಯ ಪ್ರಶ್ನೆ: "ಊಟಕ್ಕೆ ಕೂತಿದ್ನಲ್ಲ, ಅವನಿಗೆ ನೀರು ಯಾರು ಕೊಟ್ರು?"

ಸುಮ್ನೆ ಹಟ ಅಂದುಕೊಂಡು ಎಷ್ಟೋ ದಿನ ಗದರಿದ್ದೇನೆ. ತಪ್ಪು ನಮ್ಮದೇ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಸಾಕು. ಇವಳು ಸಂಜೆ ಐದೂವರೆವರೆಗೆ ಮಲಗಿದರೆ ಒಂಬತ್ತಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಮಧ್ಯಾಹ್ನದ್ದು ಮುಕ್ಕಾಲು ಗಂಟೆಗೆ ಇಳಿಸಿದೆವು, ಅದೂ ಮೂರೂವರೆಯೊಳಗೆ. ಬೆಳಗ್ಗೆ ಏಳಕ್ಕೆ ಏಳಿಸುವುದು, ಭಾನುವಾರವೂ. ರಾತ್ರಿ ಎಂಟೂವರೆಗೆ ಟ್ಯೂಬ್‌ಲೈಟ್ ಆಫ್, ಮೊಬೈಲ್ ಕಪಾಟಿಗೆ. ಕಣ್ಣಿಗೆ ಬೆಳಕು ಬೀಳುತ್ತಿದ್ದರೆ ನಿದ್ದೆ ಬರಿಸುವ ಮೆಲಟೋನಿನ್ ಮೈಯಲ್ಲಿ ಬೇಗ ಏರುವುದಿಲ್ಲ. ಅವಳಿಗಿಂತ ಜಾಸ್ತಿ ಕಷ್ಟಪಟ್ಟಿದ್ದು ಅವಳಪ್ಪ.

ಪ್ರಶ್ನೆಗಳಿಗೆ ಒಂದು ಸ್ಲೇಟು ತಂದೆವು. ರಾತ್ರಿ ಎರಡು ಪ್ರಶ್ನೆಗೆ ಮಾತ್ರ ಉತ್ತರ. ಮಿಕ್ಕಿದ್ದು ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಬೆಳಗ್ಗೆ ಜಡೆ ಹಾಕುವಾಗ ಉತ್ತರ. ಬರೆದಾಯ್ತು ಅಂದರೆ ಅವಳಿಗೆ ಸಮಾಧಾನ, ಮರೆತುಹೋಗುತ್ತೇನೋ ಅನ್ನುವ ಚಿಂತೆ ಇಲ್ಲ.

ದಿನಾ ನಡೆಯುತ್ತೆ ಅಂತಲ್ಲ. ಆಷಾಢದ ಗಾಳಿಗೆ ಕಿಟಕಿ ಬಡಿದರೆ ಮುಗೀತು. ಗುಡ್ಡದ ಮೇಲಿನ ಗಾಳಿಯಂತ್ರದ ಕೆಂಪು ದೀಪ ನೋಡುತ್ತಾ, "ಅವು ಮಲಗಲ್ವಾ?" ಅನ್ನುತ್ತಾಳೆ.

ನೀರಿನ ಪ್ರಶ್ನೆ ತಿಂಗಳಾದರೂ ಸ್ಲೇಟಿನ ಮೂಲೆಯಲ್ಲೇ ಇತ್ತು. ಮೊನ್ನೆ ಅವಳಪ್ಪ, "ತಾನೇ ಎದ್ದು ಕುಡಿದಿರಬೇಕು ಬಿಡು" ಅಂದರು.

"ಹಂಗಾದ್ರೆ ಮೊದಲೇ ಯಾಕೆ ಎದ್ದು ಕುಡೀಲಿಲ್ಲ?"

ಅವರು ನನ್ನ ಮುಖ ನೋಡಿದರು. ನಾನು ಜಡೆ ಹಾಕುತ್ತಿದ್ದೆ.