ವ್ಯಾಪಿಂಗ್‌ನಲ್ಲಿ ಕ್ಯಾಪ್ಟನ್ ಕಿಡ್

ಲಂಡನ್ನಿಗೆ ಬಂದವರು ಟವರ್ ಬ್ರಿಜ್ ನೋಡಿ ಹಿಂತಿರುಗುತ್ತಾರೆ. ನಾವು ಥೇಮ್ಸ್ ದಂಡೆ ಹಿಡಿದು ಇನ್ನಷ್ಟು ಪೂರ್ವಕ್ಕೆ ನಡೆದೆವು. ವ್ಯಾಪಿಂಗ್ ಸಿಕ್ಕಿತು.

"ಚಿಕ್ಕಪ್ಪ, ಇಲ್ಲಿ ಕ್ಯಾಪ್ಟನ್ ಕಿಡ್ ಅಂತ ಪಬ್ ಇದೆ" ಎಂದ ಅಣ್ಣನ ಮಗ. ನಾನು ಬಂದಿದ್ದೂ ಅದೇ ಕಿಡ್‌ಗಾಗಿ, ಮುನ್ನೂರು ವರ್ಷದ ಹಿಂದೆ ಕಡಲ್ಗಳ್ಳನೆಂದು ನೇಣಿಗೇರಿದ ನಾವಿಕನಿಗಾಗಿ. ಆತ ನಮ್ಮ ಕಾರವಾರದ ನೀರು ಕುಡಿದವನು!

ಪಬ್ ನೋಡಿದರೆ ಕಡಲ್ಗಳ್ಳರ ಕಾಲದ್ದು ಅನ್ನಿಸುತ್ತದೆ. ಆದರೆ ಅದು ಶುರುವಾಗಿದ್ದು 1980ರ ದಶಕದಲ್ಲಿ, ಒಂದು ಹಳೇ ಗೋದಾಮಿನಲ್ಲಿ. ಕಿಡ್ ಕಥೆಯೂ ಸುಮಾರು ಹೀಗೇ. ಹೊರಗಿನ ಬಣ್ಣ ಜಾಸ್ತಿ.

ವಿಲಿಯಂ ಕಿಡ್ ಕಳ್ಳನಾಗಿ ಹೊರಟವನಲ್ಲ. ಕಡಲ್ಗಳ್ಳರನ್ನೂ ಫ್ರೆಂಚ್ ಹಡಗುಗಳನ್ನೂ ಹಿಡಿಯಲು ರಾಜನ ಪರವಾನಗಿ ಪಡೆದಿದ್ದ. ದುಡ್ಡು ಹಾಕಿದವರಲ್ಲಿ ದೊಡ್ಡ ದೊಡ್ಡ ಲಾರ್ಡ್‌ಗಳಿದ್ದರು. 1696ರಲ್ಲಿ ಹೊರಟ ಅವನ 'ಅಡ್ವೆಂಚರ್ ಗ್ಯಾಲಿ'ಗೆ ಹಾಯಿಯೂ ಇತ್ತು, ಹುಟ್ಟುಗಳೂ ಇದ್ದವು, 34 ಫಿರಂಗಿಗಳಿದ್ದವು. 1697ರ ಸೆಪ್ಟೆಂಬರಿನಲ್ಲಿ ಸೌದೆ, ನೀರಿಗೆಂದು ಕಾರವಾರಕ್ಕೆ ಬಂದ. ಅಷ್ಟರಲ್ಲೇ ಒಂದು ಸಣ್ಣ ಹಡಗನ್ನು ತಡೆದು, ಅದರ ಇಂಗ್ಲಿಷ್ ಕಪ್ತಾನ ಪಾರ್ಕರ್‌ನನ್ನು ಹಿಡಿದಿಟ್ಟುಕೊಂಡಿದ್ದ. ಕಾರವಾರದ ಕೋಠಿಯಿಂದ (ವ್ಯಾಪಾರದ ಠಾಣೆಯಿಂದ) ಈಸ್ಟ್ ಇಂಡಿಯಾ ಕಂಪನಿಯವರು ಹಡಗು ಹತ್ತಿ ಕೇಳಿದಾಗ, ಅಂಥವರು ಯಾರೂ ಇಲ್ಲ ಅಂದುಬಿಟ್ಟ. ಪಾರ್ಕರ್ ಹಡಗಿನ ತಳದಲ್ಲೇ ಇದ್ದ! ಹಾಗಾಗಿ ಕಿಡ್ ಏನೂ ಅರಿಯದ ಪಾಪದವನು ಅನ್ನುವವರ ಮಾತೂ ನನಗೆ ಹಿಡಿಸುವುದಿಲ್ಲ. ಮುಂದಿನ ತಿಂಗಳು ಜಗಳದಲ್ಲಿ ತನ್ನದೇ ಹಡಗಿನಲ್ಲಿ ಫಿರಂಗಿ ನೋಡಿಕೊಳ್ಳುತ್ತಿದ್ದ ವಿಲಿಯಂ ಮೂರ್‌ನ ತಲೆಗೆ ಕಬ್ಬಿಣದ ಪಟ್ಟಿಯ ಬಕೆಟ್ಟಿನಿಂದ ಹೊಡೆದ. ಆತ ಸತ್ತ.

1698ರ ಜನವರಿಯಲ್ಲಿ ಕೊಚ್ಚಿಯ ಹತ್ತಿರ 'ಕ್ವೆಡಾ ಮರ್ಚೆಂಟ್' ಕೈಗೆ ಬಿತ್ತು. ಅರ್ಮೇನಿಯನ್ ವ್ಯಾಪಾರಿಗಳ ಸರಕಿತ್ತು. ರೇಷ್ಮೆ, ಬಟ್ಟೆ, ಸಕ್ಕರೆ. ಹಡಗಿನಲ್ಲಿ ಫ್ರೆಂಚ್ ರಹದಾರಿ ಇತ್ತು, ಆದ್ದರಿಂದ ಹಿಡಿದದ್ದು ಕಾನೂನುಬದ್ಧ ಎಂಬುದು ಕಿಡ್ ವಾದ. ಆದರೆ ವಿಚಾರಣೆಯ ಹೊತ್ತಿಗೆ ಆ ಕಾಗದಗಳೇ ಸಿಗಲಿಲ್ಲ. ಸಿಕ್ಕಿದ್ದು ಇನ್ನೂರು ವರ್ಷ ಕಳೆದ ಮೇಲೆ, ಸರ್ಕಾರಿ ದಾಖಲೆಗಳ ನಡುವೆ! ಅವು ಸಿಕ್ಕಿದ್ದರೂ ಮೂರ್‌ನ ಕೊಲೆ ಮಾಫಿಯಾಗುತ್ತಿರಲಿಲ್ಲ, ಅಲ್ವಾ?

1701ರ ಮೇ 23ರಂದು ಇಲ್ಲೇ, ಎಕ್ಸಿಕ್ಯೂಷನ್ ಡಾಕ್‌ನಲ್ಲಿ ನೇಣು ಹಾಕಿದರು. ಹಗ್ಗ ಕಡಿಯಿತು ಅನ್ನುವುದು ಕಟ್ಟುಕಥೆ ಅಂದುಕೊಂಡಿದ್ದೆ. ಅಲ್ಲ, ನಿಜ. ಎರಡನೇ ಸಲ ಹತ್ತಿಸಿ ನೇಣು ಹಾಕಿದರು. ಆಮೇಲೆ ಹೆಣವನ್ನು ಟಿಲ್ಬರಿಯಲ್ಲಿ, ನದಿಯಲ್ಲಿ ಬರುವ ಹೋಗುವ ನಾವಿಕರಿಗೆ ಕಾಣುವಂತೆ ನೇತುಹಾಕಿದರು.

ಹೂತಿಟ್ಟ ನಿಧಿ? ಅದೂ ಪೂರ್ತಿ ಸುಳ್ಳಲ್ಲ. 1699ರಲ್ಲಿ ನ್ಯೂಯಾರ್ಕ್ ಬಳಿಯ ಗಾರ್ಡಿನರ್ಸ್ ದ್ವೀಪದಲ್ಲಿ ಹೂತಿಟ್ಟಿದ್ದ. ಸರ್ಕಾರ ಅದನ್ನು ಅದೇ ವರ್ಷ ಅಗೆಸಿ ತೆಗೆಯಿತು. ಇವತ್ತಿಗೂ ಗುದ್ದಲಿ ಹಿಡಿದು ಹುಡುಕುವವರು ಇದೊಂದನ್ನು ಮರೆತುಬಿಡುತ್ತಾರೆ.

ಪಕ್ಕದ ವ್ಯಾಪಿಂಗ್ ಓಲ್ಡ್ ಸ್ಟೇರ್ಸ್‌ಗೆ ಹೋದೆವು. ಪಾಚಿ ಕಟ್ಟಿದ ಮೆಟ್ಟಿಲು. ನೇಣುಗಂಬ ನಿಲ್ಲಿಸುತ್ತಿದ್ದದ್ದು ಇಂಥ ದಂಡೆಯಲ್ಲಿ, ಇಳಿತದ ಹೊತ್ತಿನಲ್ಲಿ. ನಾವು ಬಂದದ್ದು ಉಬ್ಬರಕ್ಕೆ. ಉಬ್ಬರ-ಇಳಿತದ ಹೊತ್ತು ನೋಡಿಕೊಂಡು ಬರಬೇಕಿತ್ತು, ತಪ್ಪು ನನ್ನದೇ. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಬೂಟು ಒದ್ದೆ.

"ಹಾಗಾದ್ರೆ ಕಾರವಾರದಲ್ಲೇನಾದ್ರೂ ಹೂತಿಟ್ಟಿರಬಹುದಾ?" ಎಂದ ಹುಡುಗ, ಇನ್ನೂ ಆಸೆ ಬಿಡದೆ.

"ಅಲ್ಲಿ ಬಿಟ್ಟು ಹೋದದ್ದು ಅವನ ಹಡಗಿನಿಂದ ಓಡಿಹೋದ ಒಂದಷ್ಟು ಜನರನ್ನು" ಎಂದೆ. "ಅವರೇ ಕಂಪನಿಯವರಿಗೆ ಎಲ್ಲಾ ಹೇಳಿದ್ದು."