ಬಾಲಿಗೆ ಬಂದವರು ಜಾವಾಕ್ಕೆ ಬರುವುದಿಲ್ಲ

ಜಾವಾ ದ್ವೀಪದ ಯೋಗ್ಯಕರ್ತದಲ್ಲಿ ನಾವು ನೆಲೆಸಿ ಆರು ವರ್ಷಗಳಾದವು. ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಮ್ಮ ಕೇಳುವುದು ಮಾತ್ರ ಇಂದಿಗೂ "ಬಾಲಿಯಲ್ಲಿ ಮಳೆಯೇನೇ?" ಎಂದೇ. 17,000ಕ್ಕೂ ಹೆಚ್ಚು ದ್ವೀಪಗಳು ಮತ್ತು 700ಕ್ಕೂ ಮಿಕ್ಕ ಭಾಷೆಗಳಿರುವ ಇಂಡೊನೇಷ್ಯಾ ಹೊರಗಿನವರ ಪಾಲಿಗೆ ಒಂದೇ ಹೆಸರಿನಲ್ಲಿ ಅಡಗಿಹೋಗಿರುವುದಕ್ಕೆ ಚಿಕ್ಕಮ್ಮನೊಬ್ಬರನ್ನೇ ದೂರುವಂತಿಲ್ಲ. 2024ರಲ್ಲಿ ಈ ದೇಶಕ್ಕೆ ಬಂದ ಸುಮಾರು 1.39 ಕೋಟಿ ವಿದೇಶಿ ಪ್ರವಾಸಿಗರಲ್ಲಿ 63 ಲಕ್ಷದಷ್ಟು ಮಂದಿ ನೇರವಾಗಿ ಇಳಿದದ್ದು ಬಾಲಿಯಲ್ಲಿ. ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತಲೂ ಚಿಕ್ಕದಾದ ಆ ದ್ವೀಪದ ಜನಸಂಖ್ಯೆಯೇ ಅಷ್ಟಿಲ್ಲ.

ಇದು ನಿನ್ನೆ ಮೊನ್ನೆಯ ಕತೆಯಲ್ಲ. ಡಚ್ಚರ ಹಡಗು ಕಂಪನಿ 1920ರ ದಶಕದಲ್ಲಿಯೇ ಬಾಲಿಗೆ ಪ್ರವಾಸಿಗರನ್ನು ಕರೆತರುತ್ತಿತ್ತು. 1928ರಲ್ಲಿ ಡೆನ್ಪಸಾರ್‌ನಲ್ಲಿ ಅವರಿಗಾಗಿ ಹೋಟೆಲನ್ನೂ ಕಟ್ಟಿಸಿತು. ಸ್ವಾತಂತ್ರ್ಯದ ನಂತರ, ಜಪಾನ್ ಕೊಟ್ಟ ಯುದ್ಧಪರಿಹಾರದ ಹಣದಲ್ಲಿ ಸನೂರ್ ಕಡಲತೀರದಲ್ಲಿ ಹತ್ತು ಅಂತಸ್ತಿನ ಹೋಟೆಲೊಂದು ಎದ್ದು 1966ರಲ್ಲಿ ಬಾಗಿಲು ತೆರೆಯಿತು. ಅದರ ಎತ್ತರವನ್ನು ನೋಡಿ ಬೆಚ್ಚಿದ ಬಾಲಿ, ಇನ್ನು ಮುಂದೆ ಯಾವ ಕಟ್ಟಡವೂ ತೆಂಗಿನ ಮರವನ್ನು ಮೀರಬಾರದು, ಅಂದರೆ 15 ಮೀಟರ್ ದಾಟಬಾರದು ಎಂದು ನಿಯಮ ಮಾಡಿಕೊಂಡಿತು. ಮೇಲಕ್ಕೆ ಬೆಳೆಯಲಾಗದ ಹೋಟೆಲುಗಳು ಗದ್ದೆಗಳ ಕಡೆಗೆ ಹರಡಿದವು. ಅಲ್ಲಿನ ಬತ್ತದ ಗದ್ದೆಗಳಿಗೆ ನೀರು ಹಂಚುವ 'ಸುಬಕ್' ಎಂಬ ರೈತಕೂಟಗಳ ವ್ಯವಸ್ಥೆಯನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಮೇಲಿನ ಗದ್ದೆಯೊಂದು ವಿಲ್ಲಾ ಆಗಿ ಕಾಲುವೆ ಮುಚ್ಚಿಹೋದರೆ ಕೆಳಗಿನ ಗದ್ದೆಯವನು ಪಟ್ಟಿಯನ್ನು ಇಟ್ಟುಕೊಂಡು ಏನು ಮಾಡಬೇಕು? 2024ರ ಫೆಬ್ರವರಿಯಿಂದ ಬಾಲಿಗೆ ಬರುವ ವಿದೇಶಿಯರಿಂದ ತಲಾ 1,50,000 ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ, ವಸೂಲು ಮಾಡುತ್ತಿದ್ದಾರೆ. ಈ ಹಣ ನೀರನ್ನು ಮರಳಿ ತರುತ್ತದೆಯೆಂಬ ನಂಬಿಕೆ ನನಗಿಲ್ಲ.

ಒಂದೇ ದ್ವೀಪವನ್ನು ನೆಚ್ಚಿಕೊಳ್ಳುವುದು ಎಷ್ಟು ಅಪಾಯವೆಂಬುದು ಈ ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. 2002ರ ಅಕ್ಟೋಬರ್‌ನಲ್ಲಿ ಬಾಂಬ್ ಸ್ಫೋಟಕ್ಕೆ 202 ಮಂದಿ ಬಲಿಯಾದಾಗ ಬಾಲಿಯ ಬೀದಿಗಳು ಬರಿದಾಗಿದ್ದವು. ಕೋವಿಡ್ ಕಾಲದ 2021ರಲ್ಲಂತೂ ಇಡೀ ವರ್ಷಕ್ಕೆ ಅಲ್ಲಿ ನೇರವಾಗಿ ಬಂದಿಳಿದ ವಿದೇಶಿ ಪ್ರವಾಸಿಗರ ಅಧಿಕೃತ ಸಂಖ್ಯೆ 51. ಸರ್ಕಾರವು 2016ರಲ್ಲಿಯೇ 'ಹತ್ತು ಹೊಸ ಬಾಲಿಗಳು' ಎಂಬ ಯೋಜನೆಯನ್ನು ಮುಂದಿಟ್ಟು ಸುಮಾತ್ರಾದ ತೋಬಾ ಸರೋವರ, ಫ್ಲೋರೆಸ್ ದ್ವೀಪದ ಲಬುವಾನ್ ಬಜೊ, ನಮ್ಮ ಜಾವಾದ ಬೌದ್ಧ ಸ್ಮಾರಕ ಬೊರೊಬುದುರ್ ಮೊದಲಾದವುಗಳನ್ನು ಆರಿಸಿತು. ಬೇರೆಬೇರೆ ಜನ, ಭಾಷೆ, ಧರ್ಮಗಳ ಊರುಗಳಿಗೆಲ್ಲ ಬಾಲಿಯೆಂದೇ ಹೆಸರಿಟ್ಟದ್ದನ್ನು ಕಂಡಾಗ, ಸರ್ಕಾರಕ್ಕೂ ನಮ್ಮ ಚಿಕ್ಕಮ್ಮನಿಗೂ ಹೆಚ್ಚಿನ ವ್ಯತ್ಯಾಸವಿಲ್ಲವೆನಿಸಿತು. ಯೋಗ್ಯಕರ್ತಕ್ಕೆ ಕಡಲದಂಡೆಯ ಹೊಲಗಳಿದ್ದ ಜಾಗದಲ್ಲಿ ದೊಡ್ಡ ವಿಮಾನ ನಿಲ್ದಾಣವೂ ಬಂತು. ಅದು ಪೂರ್ಣವಾಗಿ ಕೆಲಸ ಆರಂಭಿಸಿದ್ದು ಲೋಕವೆಲ್ಲ ಮನೆಯೊಳಗೆ ಸೇರಿಕೊಂಡ 2020ರ ಮಾರ್ಚ್‌ನಲ್ಲಿ.

2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದ ಮೇಲೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಹೊರಟುಬಂದರು. ಐದು ದಿನ ಬಾಲಿಯಲ್ಲಿ ಕಳೆದವರನ್ನು ನಾನೇ ಹಟ ಹಿಡಿದು ಎರಡು ದಿನಕ್ಕೆ ಇತ್ತ ಕರೆಸಿಕೊಂಡೆ. ಬೊರೊಬುದುರ್‌ನಲ್ಲಿ ನಾವು ಕಂಡ ಜನಸಂದಣಿಯಲ್ಲಿ ವಿದೇಶಿಯರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಬಸ್ಸುಗಳಲ್ಲಿ ಬಂದ ಇದೇ ದೇಶದ ಕುಟುಂಬಗಳು ಮತ್ತು ಬಾಟಿಕ್ ಸಮವಸ್ತ್ರ ತೊಟ್ಟ ಶಾಲಾಮಕ್ಕಳು. ಇಂಗ್ಲಿಷ್ ಅಭ್ಯಾಸಕ್ಕೆಂದು ನೋಟ್‌ಬುಕ್ ಹಿಡಿದು ಬಂದ ನಾಲ್ವರು ಹುಡುಗಿಯರು ಚಿಕ್ಕಮ್ಮನ ದೇಶ ಯಾವುದೆಂದು ತಿಳಿದೊಡನೆ "ಶಾರುಖ್ ಖಾನ್!" ಎಂದು ಕೂಗಿ, ಅವರ ಸೆರಗನ್ನು ಮುಟ್ಟಿ ನೋಡಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ದೇಶದೊಳಗಿನ ಈ ಓಡಾಟವೇ ಇಲ್ಲಿನ ಪ್ರವಾಸೋದ್ಯಮದ ನಿಜವಾದ ಬೆನ್ನೆಲುಬು ಎಂದು ನನಗೆ ತೋರುತ್ತದೆ. ವಿದೇಶಿಯರ ಲೆಕ್ಕದ ಅಬ್ಬರದಲ್ಲಿ ಅದು ಕಾಣುವುದಿಲ್ಲ.

ಒಂಬತ್ತನೆಯ ಶತಮಾನದ ಆ ಕಲ್ಲುಗಳು ಸವೆಯುತ್ತಿರುವುದರಿಂದ ಈಗ ಮೇಲೆ ಹತ್ತಲು ದಿನಕ್ಕೆ ಇಂತಿಷ್ಟೇ ಮಂದಿಗೆ ಅವಕಾಶವೆಂದು ನಿಯಮ ಮಾಡಿದ್ದಾರೆ. 2022ರಲ್ಲಿ ವಿದೇಶಿಯರಿಗೆ 100 ಡಾಲರ್ ದರ ವಿಧಿಸುವ ಪ್ರಸ್ತಾಪವೂ ಬಂದು, ಟೀಕೆಗಳ ನಂತರ ಹಿಂದೆ ಸರಿಯಿತು. ಹತ್ತುವವರು ತಮ್ಮ ಬೂಟುಗಳನ್ನು ಕೆಳಗೆ ಕಳಚಿಟ್ಟು, ಸುತ್ತಲಿನ ಹಳ್ಳಿಗರು ಕೇದಗೆ ಜಾತಿಯ ಗಿಡದ ಎಲೆಗಳನ್ನು ಹೆಣೆದು ಮಾಡಿದ ಮೆತ್ತನೆಯ ಚಪ್ಪಲಿಗಳನ್ನು ಮೆಟ್ಟಿಕೊಳ್ಳಬೇಕು. ಚೀಟಿಯ ಜೊತೆಯಲ್ಲೇ ಕೊಡುವ ಆ ಜೋಡಿಯ ಹೆಸರು 'ಉಪಾನತ್'. ಚಿಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾ, "ಇದು ನಮ್ಮ ಪುರೋಹಿತರು ದಾನದ ಪಟ್ಟಿಯಲ್ಲಿ ಛತ್ರದ ಜೊತೆ ಹೇಳುವ ಉಪಾನಹವಲ್ಲವೇನೇ!" ಎಂದವರು, ಮೇಲೆ ಹತ್ತಿದ ಮೇಲೆ ಬುದ್ಧನ ಕತೆಯ ಉಬ್ಬುಶಿಲ್ಪಗಳನ್ನು ನೋಡುವಷ್ಟೇ ಸಲ ತಮ್ಮ ಪಾದಗಳನ್ನೂ ನೋಡಿಕೊಂಡರು. ಅದನ್ನು ಊರಿಗೂ ಒಯ್ದರು.

ಕಳೆದ ವಾರ ಫೋನಿನಲ್ಲಿ ಚಿಕ್ಕಪ್ಪ ಎಲ್ಲಿ ಎಂದು ವಿಚಾರಿಸಿದೆ. "ಬಾಲಿ ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೋಗಿದ್ದಾರೆ ಕಣೇ," ಎಂದರು ಚಿಕ್ಕಮ್ಮ.